ಆದಿಕ್ರೈಸ್ತ ಅಪಾಕ್ರಿಫಾ ಗ್ರಂಥಗಳ ಅಧ್ಯಯನ ವೃತ್ತಿಯಾಗಬಲ್ಲದೇ? ಅನುಭವ ತಿಳಿಸಿ

ಪ್ರಶ್ನೆ: ಮದ್ದೂರಿನ ವಿದ್ಯಾರ್ಥಿ

ಮಾನಸಗಂಗೋತ್ರಿಯಲ್ಲಿ ಇತಿಹಾಸದ ಎಂ.ಎ. ಮುಗಿಸಿದ್ದೇನೆ. ಯೇಸುವಿನ ವಚನಗಳ ಸಂಗ್ರಹವಾದ ತೋಮನ ಸುವಾರ್ತೆಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದ ಮೇಲೆ, ಬೈಬಲಿನ ಹೊಸ ಒಡಂಬಡಿಕೆಗೆ ಸೇರದೆ ಹೊರಗುಳಿದ ಆದಿಕಾಲದ ಕ್ರೈಸ್ತ ಬರಹಗಳನ್ನು, ಅಂದರೆ ಅಪಾಕ್ರಿಫಾವನ್ನು ಕುರಿತೇ ಪಿಎಚ್.ಡಿ. ಮಾಡಬೇಕೆಂಬ ಆಸೆ ಬಲವಾಗಿದೆ. ನಾನು ಕ್ರೈಸ್ತನಲ್ಲ, ಗ್ರೀಕ್ ಬರುವುದಿಲ್ಲ, ಮನೆಯಲ್ಲಿ ಎರಡು ಎಕರೆ ಕಬ್ಬಿನ ಗದ್ದೆಯ ಹೊರತು ಬೇರೆ ಆದಾಯವಿಲ್ಲ. ಯಾವ ಭಾಷೆಯಿಂದ ಆರಂಭಿಸಬೇಕು, ಎಷ್ಟು ಖರ್ಚಾಗುತ್ತದೆ, ಕೊನೆಗೆ ಕೆಲಸ ಸಿಗುತ್ತದೆಯೇ? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕು.

ಜಯಲಕ್ಷ್ಮೀಪುರಂ, ಮೈಸೂರು

ನಾನು 2017ರಲ್ಲಿ ಜರ್ಮನಿಗೆ ಹೋದವನು. ಹೋದದ್ದು ಸರಿಯೆಂದೇ ಇಂದಿಗೂ ಹೇಳುತ್ತೇನೆ. ವೀಸಾಕ್ಕೆ ಅರ್ಜಿ ಹಾಕುವಾಗ ಒಂದು ವರ್ಷದ ಜೀವನವೆಚ್ಚವೆಂದು 8,640 ಯೂರೋಗಳನ್ನು ಅಲ್ಲಿನ ಖಾತೆಯಲ್ಲಿ ಮುಂಚಿತವಾಗಿ ಇಟ್ಟು ತೋರಿಸಬೇಕಿತ್ತು ಮತ್ತು ಅದರಿಂದ ತಿಂಗಳಿಗೆ 720 ಯೂರೋ ಮಾತ್ರ ತೆಗೆಯಬಹುದಿತ್ತು. ರೂಪಾಯಿ ಲೆಕ್ಕದಲ್ಲಿ ಅದು ಆರು ಲಕ್ಷ ದಾಟಿತು. ಅಮ್ಮನ ಬಳೆ, ಸರಗಳನ್ನು ಅಡವಿಟ್ಟರೂ ಸಾಲದೆ ಸೋದರಮಾವನಿಂದ ಬಡ್ಡಿಗೆ ತಂದೆವು. ಆ ಬಡ್ಡಿ ತೀರಿದ್ದು ನಾನು ಪ್ರಬಂಧ ಒಪ್ಪಿಸಿದ ಮೇಲೆ. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ ಆಗಿದೆ. ಬೋಧನಾ ಶುಲ್ಕವಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಆರೋಗ್ಯ ವಿಮೆ, ಸೆಮಿಸ್ಟರ್ ವಂತಿಗೆ, ಬಾಡಿಗೆ ಮನೆಯ ಮುಂಗಡ ಇವುಗಳ ಬಗ್ಗೆ ಯಾರೂ ಹೇಳುವುದಿಲ್ಲ.

ಇನ್ನೊಂದು ಪೆಟ್ಟು ಬಿದ್ದದ್ದು ನೋಂದಣಿಯಲ್ಲಿ. ಅಲ್ಲಿನ ಹಲವು ಥಿಯಾಲಜಿ (ಕ್ರೈಸ್ತ ಧರ್ಮಶಾಸ್ತ್ರ) ನಿಕಾಯಗಳಲ್ಲಿ ಆ ಶಾಸ್ತ್ರದ ಡಾಕ್ಟರ್ ಪದವಿ ಬೇಕೆಂದರೆ ಅಭ್ಯರ್ಥಿ ಚರ್ಚೊಂದರ ಸದಸ್ಯನಾಗಿರಬೇಕು. ನಾನು ಲಿಂಗಾಯತ ಮನೆಯವನು. ಕೊನೆಗೆ ತತ್ತ್ವಶಾಸ್ತ್ರ ನಿಕಾಯದ ಮೂಲಕ ನೋಂದಾಯಿಸಿಕೊಳ್ಳುವಷ್ಟರಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಕೈಬಿಟ್ಟುಹೋಯಿತು, ಖಾತೆಯ ದುಡ್ಡು ಮಾತ್ರ ಕರಗುತ್ತಲೇ ಇತ್ತು.

ಆದರೆ ಕಲಿತದ್ದನ್ನು ಇಲ್ಲಿ ಯಾರು ಕಲಿಸುತ್ತಿದ್ದರು? ನನ್ನ ವಿಷಯ ಯೋಹಾನನ ರಹಸ್ಯಗ್ರಂಥ. ಅದಕ್ಕೆ ಕಾಪ್ಟಿಕ್, ಅಂದರೆ ಹಳೆಯ ಈಜಿಪ್ಟಿನ ಕ್ರೈಸ್ತರ ಭಾಷೆಯಲ್ಲಿ ನಾಲ್ಕು ಪ್ರತಿಗಳಿವೆ. ಮೂರು, 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಸಿಕ್ಕ ಸಂಪುಟಗಳಲ್ಲಿ. ಇನ್ನೊಂದು, 1896ರಲ್ಲಿ ಕೈರೋದಲ್ಲಿ ಕೊಂಡು ಬರ್ಲಿನ್ನಿಗೆ ತಂದ ಸಂಪುಟದಲ್ಲಿ. ಆ ಬರ್ಲಿನ್ ಪ್ರತಿ ಅಚ್ಚಾದದ್ದು 1955ರಲ್ಲಿ. ನಾಗ್ ಹಮ್ಮಾದಿಯ ನಾಲ್ಕನೆಯ ಸಂಪುಟ ಚೂರುಚೂರಾಗಿದೆ. ಒಂದು ಸಾಲಿನಲ್ಲಿ ಎರಡು ಅಕ್ಷರಗಳ ಪಾದವಷ್ಟೇ ಉಳಿದಿರುತ್ತದೆ. ಎರಡನೆಯ ಸಂಪುಟದಲ್ಲಿರುವ ಇದೇ ಗ್ರಂಥದ ದೀರ್ಘಪಾಠ ಆ ಜಾಗದಲ್ಲಿ ಹಿಡಿಯುತ್ತದೆಯೇ ಎಂದು ಒಂದೊಂದು ಅಕ್ಷರದ ಅಗಲವನ್ನೂ ಅಳೆದು ನಿರ್ಧರಿಸಬೇಕು. ಈ ಕೆಲಸವನ್ನು ಗುರುವಿನ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಈಗ ನಾನು ಹೊರದೇಶದ ಯೋಜನೆಯೊಂದಕ್ಕೆ ಗುತ್ತಿಗೆಯ ಮೇಲೆ ಮನೆಯಿಂದಲೇ ಪಠ್ಯ ಸಂಪಾದನೆ ಮಾಡುತ್ತಿದ್ದೇನೆ. ಮೈಸೂರಿನಲ್ಲಿಯೇ ಕುಳಿತು ಈ ಕ್ಷೇತ್ರಕ್ಕೆ ಬರುವ ಯೋಚನೆಯನ್ನು ಬಿಟ್ಟುಬಿಡಿ.

ಮಂಡ್ಯದ ಅತಿಥಿ ಉಪನ್ಯಾಸಕಿ

ಜಯಲಕ್ಷ್ಮೀಪುರಂ ಸರ್, ಮೈಸೂರಿನಲ್ಲಿ ಕುಳಿತು ಆಗದು ಎಂದು ಮೈಸೂರಿನಲ್ಲಿ ಕುಳಿತೇ ಈ ಕೆಲಸ ಮಾಡುತ್ತಿರುವ ನೀವು ಬರೆಯುವುದು ನನಗೆ ಸರಿಕಾಣಲಿಲ್ಲ. ಕಾಪ್ಟಿಕ್ ಒಂದೇ ಬಾಗಿಲಲ್ಲ. ಕೋಟ್ಟಯಂನಲ್ಲಿ 1985ರಿಂದ ಸಂತ ಎಫ್ರೇಮ್ ಹೆಸರಿನ ಸಂಶೋಧನಾ ಸಂಸ್ಥೆಯಿದೆ, ಅಲ್ಲಿ ಸಿರಿಯಾಕ್ ಎಂಬ ಅರಾಮಿಕ್ ಬಗೆಯ ಭಾಷೆಯನ್ನು ಎಂ.ಎ. ಹಂತದವರೆಗೆ ಓದಬಹುದು. ರೈಲು, ಊಟ, ಕೊಠಡಿ ಎಲ್ಲ ಸೇರಿ ಕೇರಳದಲ್ಲಿ ನನಗೆ ವರ್ಷಕ್ಕೆ ತಗುಲಿದ್ದು ನಿಮ್ಮ ಎರಡು ತಿಂಗಳ ಖರ್ಚಿನಷ್ಟು.

ನನ್ನ ವಿಷಯ ತೋಮನ ಕೃತ್ಯಗಳು. ಮೂರನೆಯ ಶತಮಾನದ ಆರಂಭದಲ್ಲಿ, ಬಹುಶಃ ಎಡೆಸ್ಸಾದಲ್ಲಿ (ಇಂದಿನ ಟರ್ಕಿಯ ಉರ್ಫಾ), ಸಿರಿಯಾಕ್ ಭಾಷೆಯಲ್ಲಿ ಹುಟ್ಟಿದ ಕಥೆಯಿದು. ಹಬ್ಬಾನನೆಂಬ ವರ್ತಕನಿಗೆ ಮಾರಲ್ಪಟ್ಟು ಭಾರತಕ್ಕೆ ಬರುವ ಬಡಗಿ, ಯೇಸುವಿನ ಶಿಷ್ಯ ತೋಮ, ಅರಮನೆ ಕಟ್ಟಲೆಂದು ಗುಂಡಫರ ರಾಜ ಕೊಟ್ಟ ಹಣವನ್ನು ಬಡವರಿಗೆ ಹಂಚಿಬಿಡುತ್ತಾನೆ. ಅರಮನೆ ಸ್ವರ್ಗದಲ್ಲಿ ಎದ್ದಿದೆ ಎನ್ನುತ್ತಾನೆ. ಆ ರಾಜನೇ ಕಟ್ಟುಕಥೆ ಎನ್ನುತ್ತಿದ್ದವರಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಅವನ ನಾಣ್ಯಗಳು ದೊರೆತವು. ಇದರೊಳಗಿನ ಮುತ್ತಿನ ಹಾಡು ಉಳಿದಿರುವುದು ಒಂದು ಸಿರಿಯಾಕ್ ಮತ್ತು ಒಂದು ಗ್ರೀಕ್ ಹಸ್ತಪ್ರತಿಯಲ್ಲಿ ಮಾತ್ರ. ಸಿರಿಯಾಕ್ ಪ್ರತಿ 936ನೆಯ ಇಸವಿಯದು, ಲಂಡನ್ನಿನಲ್ಲಿದೆ. ವಿಲಿಯಂ ರೈಟ್ 1871ರಲ್ಲಿ ಅಚ್ಚು ಹಾಕಿಸಿದ ಪಾಠ ಇಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಪಾಠಾಂತರ ಹಿಡಿಯುವ ಶಿಸ್ತನ್ನು ಜರ್ಮನಿಯಿಂದ ತರಬೇಕಾಗಿಲ್ಲ, ಡಿ.ಎಲ್. ನರಸಿಂಹಾಚಾರ್ಯರು ಪಾಠ ಹೇಳಿದ ಮೈಸೂರಿನಲ್ಲಿ ಗ್ರಂಥಸಂಪಾದನೆ ಬಲ್ಲವರು ಇಂದಿಗೂ ಇದ್ದಾರೆ.

ಕಷ್ಟವಿರುವುದು ಆಮೇಲೆ. ಜೆ.ಆರ್.ಎಫ್. ಎಂಬ ಸಂಶೋಧನಾ ವೇತನ ಬಂದಾಗ ತಿಂಗಳಿಗೆ 31,000 ರೂಪಾಯಿ ಎಂದು ಮನೆಯವರೆಲ್ಲ ಸಂತೋಷಪಟ್ಟರು. ಹಣ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಬೆಲ್ಜಿಯಂನಲ್ಲಿ ಅಚ್ಚಾದ ಒಂದು ಸಂಪುಟಕ್ಕೆ ನೂರಾರು ಯೂರೋ ಕೊಡಬೇಕಾಗಿ ಬಂದಾಗ ಯಜಮಾನರ ಸಂಬಳದಿಂದ ಕೊಂಡೆವು. ಪದವಿ ಬಂದ ಮೇಲೆ ಕಾಲೇಜೊಂದರ ಸಂದರ್ಶನದಲ್ಲಿ ‘ಇದು ಇತಿಹಾಸವಲ್ಲ, ಧರ್ಮಪ್ರಚಾರ’ ಎಂದರು. ಗುಂಡಫರನ ನಾಣ್ಯ, ಶಾಸನಗಳ ಮೇಲೆ ಬರೆದ ಅಧ್ಯಾಯವನ್ನು ತೆರೆದೂ ನೋಡಲಿಲ್ಲ. ಈಗ ಪ್ರಾಚೀನ ಭಾರತ, ಕರ್ನಾಟಕ ಏಕೀಕರಣ ಪಾಠ ಮಾಡುತ್ತೇನೆ. ರಜೆಯ ತಿಂಗಳುಗಳಲ್ಲಿ ಗೌರವಧನವಿಲ್ಲ. ಆದರೂ ಆ ಗ್ರಂಥವನ್ನು ಮೂಲದಲ್ಲಿ ಓದಬಲ್ಲೆನೆಂಬುದನ್ನು ನನ್ನಿಂದ ಯಾರೂ ಕಿತ್ತುಕೊಳ್ಳಲಾರರು.

ಬನ್ನಿಮಂಟಪದ ಗುರುಗಳು

ನಾನು ಕಥೋಲಿಕ ಧರ್ಮಗುರು, ಬೆಂಗಳೂರಿನ ಗುರುಮಠದಲ್ಲಿ ಗ್ರೀಕ್ ಕಲಿತವನು. ‘ಹೊರಗುಳಿದ ಬರಹಗಳು’ ಎಂಬ ಮಾತು ಬಂದೊಡನೆ ಚರ್ಚು ಅವನ್ನು ಬಚ್ಚಿಟ್ಟಿತು ಎಂಬ ಕಥೆಯೂ ಬೆನ್ನಿಗೇ ಬರುತ್ತದೆ, ಅದರಿಂದ ನನಗೆ ನೋವಾಗುತ್ತದೆ. ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರ ಪಾಸ್ಖ (ಈಸ್ಟರ್) ಪತ್ರದಲ್ಲಿ ಹೊಸ ಒಡಂಬಡಿಕೆಯ ಇಪ್ಪತ್ತೇಳು ಪುಸ್ತಕಗಳ ಪಟ್ಟಿ ಕೊಟ್ಟು ಅಪಾಕ್ರಿಫಾ ಬರಹಗಳಿಂದ ದೂರವಿರಲು ಹೇಳಿದ್ದು ನಿಜ. ಆದರೆ ಎರಡನೆಯ ಶತಮಾನದ ಯಾಕೋಬನ ಆದಿಸುವಾರ್ತೆಯನ್ನು ನೋಡಿ. ಮೇರಿಮಾತೆಯ ತಂದೆತಾಯಿ ಯೊವಾಕಿಮ್ ಮತ್ತು ಅನ್ನಮ್ಮನವರ ಹೆಸರು ಬೈಬಲಿನಲ್ಲಿ ಎಲ್ಲಿಯೂ ಇಲ್ಲ, ಅದು ಬಂದದ್ದು ಈ ಗ್ರಂಥದಿಂದ. ಜುಲೈ 26ರಂದು ಅವರಿಬ್ಬರ ಹಬ್ಬವನ್ನೂ ಸೆಪ್ಟೆಂಬರ್ 8ರಂದು ಮಾತೆಯ ಜನ್ಮದಿನವನ್ನೂ ನಮ್ಮ ಮೈಸೂರಿನ ಚರ್ಚುಗಳಲ್ಲಿ ಆಚರಿಸುತ್ತೇವೆ. ಆ ಗ್ರಂಥದ ನೂರಕ್ಕೂ ಹೆಚ್ಚು ಗ್ರೀಕ್ ಹಸ್ತಪ್ರತಿಗಳು ಉಳಿದಿವೆ. ಬಚ್ಚಿಟ್ಟ ಪುಸ್ತಕವನ್ನು ಇಷ್ಟು ಮಂದಿ ನಕಲು ಮಾಡುತ್ತಾರೆಯೇ?

ಆದ್ದರಿಂದ ಗ್ರೀಕ್ ಮೊದಲು, ಅದರಲ್ಲಿಯೂ ಹೊಸ ಒಡಂಬಡಿಕೆಯ ಗ್ರೀಕ್ ಮೊದಲು. ನಾಲ್ಕು ಸುವಾರ್ತೆಗಳನ್ನು ಮೂಲದಲ್ಲಿ ಬಲ್ಲವನಿಗೆ ಮಾತ್ರ ತೋಮನ ಸುವಾರ್ತೆಯ 114 ವಚನಗಳಲ್ಲಿ ಯಾವುದು ಎಲ್ಲಿಂದ ಬಂತು, ಯಾವುದು ಬೇರೆ ದಾರಿಯಲ್ಲಿ ಬಂತು ಎಂಬುದು ತಿಳಿಯುತ್ತದೆ. ಈ ಶಿಸ್ತನ್ನು ಕೊಡುವುದು ಥಿಯಾಲಜಿ ಕಾಲೇಜುಗಳೇ.

ಹೆಬ್ಬಾಳು ಬಡಾವಣೆ, ಮೈಸೂರು

ಫಾದರ್, ಆ ಶಿಸ್ತನ್ನು ಬೇಡಿ ಹೋದವನು ನಾನು. ಒಂದು ಥಿಯಾಲಜಿ ಕಾಲೇಜಿನಲ್ಲಿ ಗ್ರೀಕ್ ತರಗತಿಗೆ ಕುಳಿತುಕೊಳ್ಳಲು ನನ್ನ ಧರ್ಮಕೇಂದ್ರದ ಗುರುಗಳ ಶಿಫಾರಸು ಪತ್ರ ತರಬೇಕೆಂದರು. ನಮ್ಮ ಮನೆಯ ಹತ್ತಿರ ಇರುವುದು ಮಾರಮ್ಮನ ಗುಡಿ. ಬಚ್ಚಿಡಲಿಲ್ಲ ಎನ್ನುವವರು ಬಾಗಿಲನ್ನೂ ತೆರೆದಿಡಬೇಕಲ್ಲವೇ?

ನಾನು ಈ ಕ್ಷೇತ್ರವನ್ನು ಬಿಟ್ಟು ಬ್ಯಾಂಕ್ ಸೇರಿದವನು, ಕಾರಣವನ್ನು ಹೇಳಲೇಬೇಕು. ನನ್ನ ಪ್ರಬಂಧ ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಬಗ್ಗೆ. 2012ರ ಸೆಪ್ಟೆಂಬರಿನಲ್ಲಿ ರೋಮಿನ ಸಮ್ಮೇಳನದಲ್ಲಿ ಹಾರ್ವರ್ಡಿನ ಕರೆನ್ ಕಿಂಗ್ ಅವರು ಒಂದು ಕಾಪ್ಟಿಕ್ ತುಣುಕನ್ನು ಪ್ರಕಟಪಡಿಸಿದರು. ಅದರಲ್ಲಿ ಯೇಸು ‘ನನ್ನ ಹೆಂಡತಿ’ ಎನ್ನುತ್ತಾನೆ. ಪತ್ರಿಕೆಗಳಲ್ಲೆಲ್ಲ ಬಂದ ಸುದ್ದಿ ಎಂದು ನನ್ನ ಮಾರ್ಗದರ್ಶಕರು ಅದರ ಮೇಲೆ ಒಂದು ಅಧ್ಯಾಯ ಇರಲೇಬೇಕೆಂದರು. 2014ರಲ್ಲಿ ಪರೀಕ್ಷೆಯಿಂದ ಅದರ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಹಳೆಯದೆಂದು ಗೊತ್ತಾಯಿತು. ಆದರೆ ಅದೇ ವರ್ಷ ಕ್ರಿಶ್ಚಿಯನ್ ಆಸ್ಕೆಲಂಡ್ ಎಂಬ ವಿದ್ವಾಂಸರು, ಅದೇ ಮಾಲೀಕನ ಬಳಿಯಿದ್ದ ಯೋಹಾನನ ಸುವಾರ್ತೆಯ ಇನ್ನೊಂದು ತುಣುಕನ್ನು ಹಿಡಿದು ನೋಡಿದರು. 1924ರಲ್ಲಿ ಅಚ್ಚಾಗಿದ್ದ ಹಸ್ತಪ್ರತಿಯೊಂದರ ಸಾಲುಗಳು ಎಲ್ಲಿ ಮುರಿಯುತ್ತವೆಯೋ, ಒಂದು ಸಾಲು ಬಿಟ್ಟು ಒಂದು ಸಾಲಿನಂತೆ, ತುಣುಕಿನ ಸಾಲುಗಳೂ ಅಲ್ಲಲ್ಲಿಯೇ ಮುರಿಯುತ್ತಿದ್ದವು. ಬರವಣಿಗೆಯ ಕೈ ಎರಡರಲ್ಲಿಯೂ ಒಂದೇ. ಪಪೈರಸ್ ಹಳೆಯದು, ಬರೆದದ್ದು ಹೊಸದು. ಅಧ್ಯಾಯವನ್ನು ತೆಗೆಯುತ್ತೇನೆಂದರೆ, ಪ್ರಗತಿ ವರದಿಯಲ್ಲಿ ಸೇರಿಹೋಗಿದೆ, ತೆಗೆಯುವ ಹಾಗಿಲ್ಲ ಎಂಬ ಉತ್ತರ ಬಂತು. 2016ರಲ್ಲಿ ಏರಿಯಲ್ ಸಾಬರ್ ಎಂಬ ಪತ್ರಕರ್ತರು ಆ ತುಣುಕಿನ ಮಾಲೀಕನ ಹಿನ್ನೆಲೆಯನ್ನು ಬಯಲಿಗೆಳೆದ ಮೇಲೆ ಕಿಂಗ್ ಅವರೇ ಅದು ನಕಲಿಯಿರಬಹುದೆಂದು ಒಪ್ಪಿಕೊಂಡರು. ನನ್ನ ಮಾರ್ಗದರ್ಶಕರು ಒಪ್ಪಲಿಲ್ಲ.

ಖರ್ಚು ಕೇಳಿದ್ದೀರಿ. ಪ್ರಬಂಧವನ್ನು ಕನ್ನಡದಲ್ಲಿ ಬರೆಯುತ್ತಿದ್ದೆ. ಡಿ.ಟಿ.ಪಿ. ಅಂಗಡಿಯಲ್ಲಿ ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚು ಮಾಡುತ್ತಿದ್ದರು, ಅದರ ನಡುವೆ ಕಾಪ್ಟಿಕ್ ಅಕ್ಷರಗಳು ಬರೀ ಚೌಕಾಕಾರದ ಡಬ್ಬಿಗಳಾಗಿ ಮೂಡುತ್ತಿದ್ದವು. ಗ್ರೀಕ್ ವರ್ಣಮಾಲೆಯ ಜೊತೆಗೆ ಕಾಪ್ಟಿಕ್‌ನಲ್ಲಿ ಸೇರಿಸಿಕೊಂಡ, ಡೆಮೋಟಿಕ್ ಎಂಬ ಹಳೆಯ ಈಜಿಪ್ಟಿನ ಲಿಪಿಯ ಆರು ಅಕ್ಷರಗಳಂತೂ ಯಾವುದಕ್ಕೂ ಬಗ್ಗಲಿಲ್ಲ. ಒಂದೊಂದು ಪದವನ್ನೂ ಚಿತ್ರವಾಗಿ ಕತ್ತರಿಸಿ ಅಂಟಿಸಲು ಪುಟಕ್ಕೆ 40 ರೂಪಾಯಿ ಹೆಚ್ಚುವರಿ ತೆಗೆದುಕೊಂಡರು. ಕರಡು ತಿದ್ದಿದರೆ ಚಿತ್ರಗಳೆಲ್ಲ ಜಾಗ ಬದಲಿಸುತ್ತಿದ್ದವು, ಮತ್ತೆ 40 ರೂಪಾಯಿ.

ಶ್ರೀರಂಗಪಟ್ಟಣದ ನಿವೃತ್ತ ಅಧ್ಯಾಪಕ

ಎಲ್ಲರೂ ಹೊರಗಿನದನ್ನೇ ಹೇಳುತ್ತಿದ್ದೀರಿ. ಈಜಿಪ್ಟಿನ ಆಕ್ಸಿರಿಂಕಸ್ ತಿಪ್ಪೆಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅವರಿಗೆ ಸಿಕ್ಕ 413ನೆಯ ಪಪೈರಸ್ಸಿನ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆ ಎಂದು ಜರ್ಮನ್ ವಿದ್ವಾಂಸ ಹುಲ್ಷ್ ಅವರು 1904ರಲ್ಲಿಯೇ ಬರೆದರು, ಗೋವಿಂದ ಪೈಯವರು ಅದರ ಬಗ್ಗೆ ವಿಚಾರಿಸಿದರು. ಮದ್ದೂರಿನ ಹುಡುಗ ಗ್ರೀಕ್ ಕಲಿತು ಅದನ್ನೇ ಕೈಗೆತ್ತಿಕೊಳ್ಳಲಿ. ಸಂದರ್ಶನದಲ್ಲಿ ಧರ್ಮಪ್ರಚಾರವೆಂದು ಯಾರೂ ಹೇಳಲಾರರು.

ಜಯಲಕ್ಷ್ಮೀಪುರಂ, ಮೈಸೂರು

ಮೇಷ್ಟ್ರೇ, ಆ ಪ್ರಹಸನಕ್ಕೂ ಅಪಾಕ್ರಿಫಾಕ್ಕೂ ಸಂಬಂಧವಿಲ್ಲ. ಅದರಲ್ಲಿನ ಪರಭಾಷೆ ಕನ್ನಡವೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅಭಿಮಾನದಿಂದ ಪ್ರಬಂಧ ಬರೆಯಲಾಗದು.

ಶ್ರೀರಂಗಪಟ್ಟಣದ ನಿವೃತ್ತ ಅಧ್ಯಾಪಕ

ಚೂರಾದ ಎಲೆಯಲ್ಲಿ ಇಲ್ಲದ ಅಕ್ಷರವನ್ನು ನೀವು ಅಳೆದು ತುಂಬಿಸಿದರೆ ವಿದ್ವತ್ತು, ಗೋವಿಂದ ಪೈಗಳು ಇರುವ ಅಕ್ಷರವನ್ನು ಓದಿದರೆ ಅಭಿಮಾನವೇ? ಹಿರಿಯರ ಬಗ್ಗೆ ಮಾತು ಹಿಡಿತದಲ್ಲಿರಲಿ.

ಮಂಡ್ಯದ ಅತಿಥಿ ಉಪನ್ಯಾಸಕಿ

ಮೇಷ್ಟ್ರು ಆ ತಿಪ್ಪೆಯ ಹೆಸರು ತೆಗೆದದ್ದು ಒಳ್ಳೆಯದಾಯಿತು. ತೋಮನ ಸುವಾರ್ತೆಯ ಮೂರು ಗ್ರೀಕ್ ತುಣುಕುಗಳು, 1, 654 ಮತ್ತು 655ನೆಯ ಸಂಖ್ಯೆಯವು, ಅಲ್ಲಿಯೇ ಸಿಕ್ಕವು. ನಾಗ್ ಹಮ್ಮಾದಿಯ ಪೂರ್ಣ ಕಾಪ್ಟಿಕ್ ಪಾಠ ಕೈಗೆ ಬರುವವರೆಗೆ ಅವು ಯಾವ ಗ್ರಂಥದವೆಂದು ಖಚಿತವಾಗಿರಲಿಲ್ಲ. ಪ್ರಶ್ನೆ ಕೇಳಿದವರು ತೋಮನ ಸುವಾರ್ತೆಯನ್ನೇ ಬಯಸುವುದಾದರೆ ಗ್ರೀಕ್ ಮತ್ತು ಕಾಪ್ಟಿಕ್ ಎರಡೂ ಬೇಕು; ಫಾದರ್ ಹೇಳಿದ್ದು ಅಷ್ಟರಮಟ್ಟಿಗೆ ಸರಿ.

ಆದರೆ ಜಯಲಕ್ಷ್ಮೀಪುರಂ ಸರ್ ಒಂದು ವಿಷಯವನ್ನು ಬರೆಯಲಿಲ್ಲ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರೇಟಿಗೆ ಮುಂಚೆ ಆರು, ನಂತರ ಆರು ವರ್ಷ ಮೀರಿ ಸಾಮಾನ್ಯವಾಗಿ ತಾತ್ಕಾಲಿಕ ಹುದ್ದೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಪ್ರಾಧ್ಯಾಪಕ ಹುದ್ದೆ ಸಿಗದವರು ಹೊರಬೀಳಬೇಕು. ಎರಡು ಎಕರೆ ಗದ್ದೆಯವರಿಗೆ 11,904 ಯೂರೋ ಎಂದು ಹೇಳುವಾಗ ಇದನ್ನೂ ಹೇಳಬೇಕಿತ್ತು.

ಜಯಲಕ್ಷ್ಮೀಪುರಂ, ಮೈಸೂರು

ಮೇಡಂ, ವಿದ್ಯಾರ್ಥಿವೇತನ ಸಿಕ್ಕರೆ ಖಾತೆಯಲ್ಲಿ ಆ ಹಣ ಇಡಬೇಕಾಗಿಲ್ಲ. ಅದಕ್ಕೆ ಇಲ್ಲಿಂದಲೇ ಗ್ರೀಕ್ ಕಲಿತು ಹೋಗಬೇಕು. ಆ ಗ್ರೀಕ್ ಎಲ್ಲಿ ಸಿಗುತ್ತದೆ? ಹೆಬ್ಬಾಳಿನವರಿಗೆ ಪತ್ರ ಕೇಳಿದ ಜಾಗದಲ್ಲಿಯೇ?

ಬನ್ನಿಮಂಟಪದ ಗುರುಗಳು

ಪತ್ರ ಕೇಳಿದವರು ಯಾರೆಂದು ನನಗೆ ತಿಳಿಯದು. ಕೇಳಿದ್ದು ಸರಿಯಲ್ಲ ಎಂದು ಇಲ್ಲಿಯೇ ಬರೆಯುತ್ತಿದ್ದೇನೆ. ಭಾನುವಾರ ಸಂಜೆ ನಾನು ನಾಲ್ಕೈದು ಮಂದಿಗೆ ಗ್ರೀಕ್ ಪಾಠ ಹೇಳುತ್ತೇನೆ, ಈಗ ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯ ನಡೆಯುತ್ತಿದೆ. ಮದ್ದೂರಿನ ವಿದ್ಯಾರ್ಥಿ ಇಪ್ಪತ್ನಾಲ್ಕು ಅಕ್ಷರಗಳನ್ನು ಬರೆಯಲು ಕಲಿತು ಬರಲಿ. ಹೆಬ್ಬಾಳಿನವರು ಬ್ಯಾಂಕಿನ ಕೆಲಸದ ನಡುವೆ ಬಿಡುವಿದ್ದರೆ ಬರಲಿ. ಶುಲ್ಕವಿಲ್ಲ, ಯಾವ ಪತ್ರವೂ ಬೇಡ.