ಸಂಪ್‌ಗೆ ಬ್ಲೀಚಿಂಗ್ ಹಾಕಿದರೂ ವಾರ್ಡಿನ ನಲ್ಲಿಯಲ್ಲಿ ಕ್ಲೋರಿನ್ ಇಲ್ಲ, ಯಾಕೆ?

ಪ್ರಶ್ನೆ (ಹೌಸ್‌ಕೀಪಿಂಗ್ ಸೂಪರ್‌ವೈಸರ್, ತಾಲ್ಲೂಕು ಆಸ್ಪತ್ರೆ): ಮೇಡಂ, ಮಳೆ ಶುರುವಾದ ಮೇಲೆ ವಾಂತಿ-ಭೇದಿ, ಕಾಮಾಲೆ ಕೇಸು ಜಾಸ್ತಿ. 10,000 ಲೀಟರ್ ಸಂಪ್‌ಗೆ ದಿನಾ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಎರಚಿಸ್ತೀವಿ. ಆದರೂ ನಲ್ಲಿ ನೀರಿನ ಕ್ಲೋರಿನ್ ಪರೀಕ್ಷೆಯಲ್ಲಿ ಬಣ್ಣವೇ ಬರಲ್ಲ. ‘ಪುರಸಭೆ ನೀರು ತಾನೇ, ಅಲ್ಲೇ ಶುದ್ಧ ಮಾಡಿರ್ತಾರೆ’ ಅಂತಾರೆ ಕೆಲಸದವರು.

ಉತ್ತರ (ಮೈಕ್ರೋಬಯಾಲಜಿಸ್ಟ್): ಘಟಕದಲ್ಲಿ ಶುದ್ಧವಾಗಿದ್ದರೂ ದಾರಿಯಲ್ಲಿ ಕೆಡುತ್ತೆ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಪೈಪ್ ಖಾಲಿಯಾದಾಗ ಒಳಗೆ ಒತ್ತಡ ಇರಲ್ಲ. ಪಕ್ಕದ ಚರಂಡಿ ನೀರು ಬಿರುಕಿನಿಂದ ಒಳಗೆ ಎಳೆದುಕೊಳ್ಳುತ್ತೆ. ಕಾಲರಾ, ಟೈಫಾಯ್ಡ್, ಹೆಪಟೈಟಿಸ್ ಎ ಮತ್ತು ಇ ಹರಡೋದು ಹೀಗೇ. ಗರ್ಭಿಣಿ ಆಯಾಗಳಿದ್ದರೆ ವಿಶೇಷವಾಗಿ ಹೇಳಿ: ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಕುತ್ತು.

ಈಗ ಪೌಡರ್ ವಿಷಯ. ಮೊದಲು ಚೀಲ ನೋಡಿ. ಬಾಯಿ ತೆರೆದಿಟ್ಟು ಗಂಟುಗಟ್ಟಿ, ಘಾಟು ಹೋಗಿದ್ದರೆ ಅದರಲ್ಲಿ ಉಳಿದಿರೋದು ಬಹುಪಾಲು ಸುಣ್ಣ. ಒಳ್ಳೆಯ ಪೌಡರಿನಲ್ಲಿ ಸುಮಾರು 33% ಕ್ಲೋರಿನ್ ಇರುತ್ತೆ. ತಿಳಿನೀರಿಗೆ 1,000 ಲೀಟರಿಗೆ 2.5 ಗ್ರಾಂ, ನಿಮ್ಮ ಸಂಪ್‌ಗೆ 25 ಗ್ರಾಂನಿಂದ ಶುರು ಮಾಡಿ. ಹಿಡಿ ಲೆಕ್ಕ ಬೇಡ, ತೂಕ ಮಾಡಿ. ಪ್ಲಾಸ್ಟಿಕ್ ಬಕೆಟಲ್ಲಿ ಸ್ವಲ್ಪ ನೀರು ಹಾಕಿ ಮೊದಲು ಪೇಸ್ಟ್ ಮಾಡಿ, ಮುಕ್ಕಾಲು ಬಕೆಟ್ ನೀರು ತುಂಬಿ ಕಲಕಿ, 10 ನಿಮಿಷ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಸುರಿಯಿರಿ. ಒಣ ಪೌಡರ್ ಎರಚಿದರೆ ತಳಕ್ಕೆ ಕೂರುತ್ತೆ, ಅಷ್ಟೆ. ಸಂಪ್ ತಳದಲ್ಲಿ ಕೆಸರಿದ್ದರೆ ಹಾಕಿದ ಕ್ಲೋರಿನ್ನನ್ನು ಅದೇ ನುಂಗಿಬಿಡುತ್ತೆ, ಮೊದಲು ತೊಳೆಸಿ.

ಅರ್ಧ ಗಂಟೆ ಕಳೆದ ಮೇಲೆ ಕ್ಲೋರೋಸ್ಕೋಪ್ (ಬಣ್ಣ ನೋಡಿ ಕ್ಲೋರಿನ್ ಅಳೆಯುವ ಕಿಟ್) ಹಿಡಿಯಿರಿ: ಸಂಪಲ್ಲಿ ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು, ಕಟ್ಟಕಡೆಯ ವಾರ್ಡಿನ ನಲ್ಲಿಯಲ್ಲಿ ಕನಿಷ್ಠ 0.2. ಕಿಟ್‌ನಲ್ಲಿರೋದು ಓ.ಟಿ. (ಆರ್ಥೋಟಾಲಿಡಿನ್) ದ್ರಾವಣವಾದರೆ ಹಳದಿಯನ್ನು 10 ಸೆಕೆಂಡಿನೊಳಗೆ ಓದಬೇಕು. ಆಮೇಲೆ ಗಾಢವಾಗೋ ಬಣ್ಣ ಸಂಯುಕ್ತ ಕ್ಲೋರಿನ್ನಿನದು (ಬೇರೆ ವಸ್ತುಗಳ ಜತೆ ಸೇರಿ ಬಲ ಕಳೆದುಕೊಂಡದ್ದು), ಅದನ್ನು ನಂಬಬೇಡಿ. ಈ ಪರೀಕ್ಷೆಯನ್ನು ಕೆಲಸದವರ ಕೈಯಿಂದಲೇ ಮಾಡಿಸಿ. ಪೋಸ್ಟರಿಗಿಂತ ಅದು ಹೆಚ್ಚು ಕಲಿಸುತ್ತೆ.

ಪ್ರಶ್ನೆ: ಬೆಡ್‌ಪ್ಯಾನ್ ತೆಗೆದ ಮೇಲೆ ಸ್ಯಾನಿಟೈಸರ್ ಸಾಕಾ? ನೆಲದ ಮೇಲೆ ಭೇದಿ ಆದರೆ?

ಉತ್ತರ: ಸಾಲದು. ಮಲ ಅಂಟಿದ ಕೈಗೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡಲ್ಲ, ವಾಂತಿ-ಭೇದಿ ತರುವ ನೋರೋವೈರಸ್‌ಗಂತೂ ಅದು ದುರ್ಬಲ. ಗ್ಲೌಸ್ ತೆಗೆದ ಮೇಲೂ ಸೋಪು-ನೀರಲ್ಲಿ 40–60 ಸೆಕೆಂಡು ತೊಳೆಯಬೇಕು.

ನೆಲದ್ದನ್ನು ಮೊದಲು ಪೇಪರಿಂದ ಒತ್ತಿ ತೆಗೆದು ಸೋಂಕಿನ ಕಸದ ಹಳದಿ ಚೀಲಕ್ಕೆ ಹಾಕಿ, ಆಮೇಲೆ 1% ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಸುರಿದು 10 ನಿಮಿಷ ಬಿಡಿ. ಗಲೀಜಿನ ಮೇಲೇ ಸುರಿದರೆ ಹೈಪೋ ವ್ಯರ್ಥ. ಕ್ಯಾನಿನಲ್ಲಿ 5% ಅಂತಿದ್ದರೆ ಒಂದು ಮಗ್ಗಿಗೆ ನಾಲ್ಕು ಮಗ್ಗು ನೀರು, ದಿನಾ ಹೊಸದಾಗಿ. ಟಾಯ್ಲೆಟ್ ಆಸಿಡ್ ಜತೆ ಮಾತ್ರ ಎಂದೂ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತೆ.

ಪ್ರಶ್ನೆ: ನಮ್ಮವರು ಆರ್‌ಒ ನೀರೇ ಕುಡಿಯೋದು.

ಉತ್ತರ: ಆರ್‌ಒ ನೀರಲ್ಲಿ ಕ್ಲೋರಿನ್ ಉಳಿದಿರಲ್ಲ, ಕೊಳೆ ಬಾಟಲಿಗೆ ತುಂಬಿದರೆ, ಡ್ರಮ್ಮಿಗೆ ಲೋಟ ಅದ್ದಿದರೆ ಮತ್ತೆ ಕೆಡುತ್ತೆ. ನಲ್ಲಿ ಇರುವ ಮುಚ್ಚಿದ ಡ್ರಮ್ಮೇ ಇರಲಿ. ಅಡುಗೆಮನೆಯವರಿಗೆ ಭೇದಿಯಾದರೆ ನಿಂತು 48 ಗಂಟೆ ಆಗುವ ತನಕ ಊಟ ಬಡಿಸೋಕೆ ಬಿಡಬೇಡಿ. ಸಂಬಳ ಕಟ್ ಮಾಡಿದರೆ ಯಾರೂ ಬಾಯಿಬಿಟ್ಟು ಹೇಳಲ್ಲ, ಅದನ್ನು ಗುತ್ತಿಗೆದಾರರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.