ಕೊಳೆತ ಬೇಲಿಗೂಟದ ಜಾಗಕ್ಕೆ ಮನೆಯಲ್ಲೇ ಎರೆದ ಸಿಮೆಂಟ್ ಕಂಬ

ಪ್ರಶ್ನೆ (ಸಾಗರ ಕಡೆಯ ಅಡಿಕೆ ಬೆಳೆಗಾರ): ಸರ್, ನಮಸ್ಕಾರ. ತೋಟದ ಬೇಲಿಗೆ ನಾಲ್ಕು ವರ್ಷದ ಹಿಂದೆ ಅಕೇಶಿಯಾ ಗೂಟ ಹಾಕಿದ್ದೆ. ಈ ಮಳೆಗಾಲದಲ್ಲಿ ಒಂದೊಂದಾಗಿ ಮಲಗುತ್ತಿವೆ. ಕಿತ್ತು ನೋಡಿದರೆ ಮೇಲೆ ಗಟ್ಟಿ, ಬುಡದ ತುದಿಯೂ ಪರವಾಗಿಲ್ಲ. ನೆಲದ ಮಟ್ಟದಲ್ಲಿ ಮಾತ್ರ ಕೈಯಲ್ಲೇ ಪುಡಿಯಾಗುತ್ತೆ. ಪೇಟೆಯಿಂದ ಹತ್ತು ಸಿಮೆಂಟ್ ಕಂಬ ತಂದರೆ ಇಳಿಸುವಾಗಲೇ ಎರಡು ಮುರಿದವು. ಒಳಗಿನ ಕಂಬಿ ಎಲ್ಲಾ ಒಂದೇ ಬದಿಗೆ ಇತ್ತು. ನನಗೆ ಬೇಕಿರುವುದು 60 ಕಂಬ. ಮನೆಯಲ್ಲೇ ಎರೆಯಬಹುದಾ?

ಉತ್ತರ (ಸಿವಿಲ್ ಎಂಜಿನಿಯರ್, ಶಿವಮೊಗ್ಗ): ಖಂಡಿತ ಎರೆಯಬಹುದು. ಮರ ಕೊಳೆಸುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಎರಡೂ ಒಟ್ಟಿಗೆ ಸಿಗುವುದು ನೆಲದ ಮಟ್ಟದಲ್ಲೇ, ಅದಕ್ಕೇ ಗೂಟ ಅಲ್ಲೇ ಹೋಗುತ್ತದೆ.

ಮೊದಲೇ ಒಂದು ಮಾತು. ಫ್ಯಾಕ್ಟರಿಯ ತೆಳ್ಳನೆ ಕಂಬ ನೋಡಿ ನಕಲು ಮಾಡಬೇಡಿ. ಒಳ್ಳೆಯ ಫ್ಯಾಕ್ಟರಿಯಲ್ಲಿ ಉಕ್ಕಿನ ತಂತಿಯನ್ನು ಯಂತ್ರದಿಂದ ಎಳೆದು ಹಿಡಿದು ಕಾಂಕ್ರೀಟ್ ಹಾಕುತ್ತಾರೆ, ಆ ಎಳೆತದಿಂದಲೇ ತೆಳ್ಳಗಿದ್ದರೂ ತಾಳುತ್ತದೆ. ಮನೆಯಲ್ಲಿ ಅದು ಆಗದ ಕೆಲಸ. ನೀವು 4 ಇಂಚು ದಪ್ಪ, 4 ಇಂಚು ಅಗಲ, 7 ಅಡಿ ಉದ್ದ ಇಟ್ಟುಕೊಳ್ಳಿ. ಒಂದೊಂದು ಸುಮಾರು 54 ಕೆಜಿ ತೂಗುತ್ತದೆ, ಎತ್ತಲು ಇಬ್ಬರು ಬೇಕು.

ಅಳತೆ ಹೀಗೆ: ಸಿಮೆಂಟ್ ಒಂದು ಚೀಲ, 10 ಲೀಟರ್ ಬಕೆಟ್‌ನಲ್ಲಿ 5 ಬಕೆಟ್ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು), 10 ಬಕೆಟ್ ಅರ್ಧ ಇಂಚಿನ ಜಲ್ಲಿ. ಇದರಲ್ಲಿ 5 ಕಂಬ ಆಗುತ್ತವೆ. 60 ಕಂಬಕ್ಕೆ 12 ಚೀಲ. ಪ್ಲಾಸ್ಟರ್‌ಗೆ ತರುವ ನುಣುಪು ಮರಳು ಬೇಡ. ಮುಕ್ಕಾಲು ಇಂಚಿನ ಜಲ್ಲಿ ಕಂಬಿಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಅದೂ ಬೇಡ.

ಇನ್ನು ನೀರು. ಕೆಲಸ ಕೆಡುವುದೇ ಇಲ್ಲಿ. ಚೀಲಕ್ಕೆ 25 ಲೀಟರ್ ಮೀರಬಾರದು. ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ನಾನು ಮೊದಲ ಸಲ 12 ಕಂಬ ಎರೆಸಿದಾಗ, ನಾನು ಊಟಕ್ಕೆ ಹೋದ ಹೊತ್ತಲ್ಲಿ ಕೆಲಸದವರು ಸಲೀಸಾಗಲಿ ಅಂತ ಮಾಲಿಗೆ ಎರಡು ಕೊಡ ಸುರಿದಿದ್ದರು. ಕಂಬಗಳೇನೋ ಕನ್ನಡಿ ಹಾಗೆ ಹೊಳೆದವು. ಎತ್ತುವಾಗ ಎರಡು ನಡುವಲ್ಲೇ ಲಟಕ್ಕೆಂದವು. ಮುರಿದ ಬಾಯಿ ನೋಡಿದರೆ ಜಲ್ಲಿಯೆಲ್ಲ ತಳದಲ್ಲಿ, ಮೇಲಿನ ಅರ್ಧ ಇಂಚು ಬರೀ ಸಿಮೆಂಟ್ ಹಾಲು. ಉಗುರಲ್ಲಿ ಕೆರೆದರೆ ಪುಡಿ ಬರುತ್ತಿತ್ತು. ಮಾಲನ್ನು ಸಲಿಕೆಯಲ್ಲಿ ರಾಶಿ ಮಾಡಿದರೆ ರಾಶಿಯಾಗೇ ನಿಲ್ಲಬೇಕು, ಹರಿಯಬಾರದು.

ಪ್ರಶ್ನೆ (ಅದೇ ಬೆಳೆಗಾರ): ಕಂಬಿ ಹೇಗೆ ಸರ್? ನಡುವೆ ಒಂದೇ ದಪ್ಪ ಕಂಬಿ ಹಾಕಿದರೆ ಸಾಕು ಅಂತಾರೆ ನಮ್ಮ ಮೇಸ್ತ್ರಿ. ಬಿದಿರು ಹಾಕಿದರೂ ನಡೆಯುತ್ತೆ ಅಂತ ಇನ್ನೊಬ್ಬರು.

ಉತ್ತರ: ಹಸಿ ಕೋಲನ್ನು ಮಂಡಿಗೆ ಕೊಟ್ಟು ಬಗ್ಗಿಸಿ ನೋಡಿ. ಮೊದಲು ಸೀಳುವುದು ಹೊರಮೈ, ನಡು ಅಲ್ಲ. ತಂತಿ ಎಳೆದಾಗ ಕಂಬದ್ದೂ ಅದೇ ಕಥೆ. ಹಾಗಾಗಿ ನಡುವಿನ ಒಂಟಿ ಕಂಬಿಯಿಂದ ಹೆಚ್ಚು ಉಪಯೋಗವಿಲ್ಲ. ನಾಲ್ಕು ಮೂಲೆಗೂ ಒಂದೊಂದು 6 ಎಂಎಂ ಕಂಬಿ ಹಾಕಿ, ಎಂಟೆಂಟು ಇಂಚಿಗೆ ಎರಡೂವರೆ ಇಂಚಿನ ಚೌಕ ರಿಂಗ್ ಕಟ್ಟಿ. ಮೂಲೆ ಕಂಬಕ್ಕೆ 8 ಎಂಎಂ. ಕಂಬಿಯ ಹೊರಗೆ ಎಲ್ಲಾ ಬದಿಯಲ್ಲೂ ಮುಕ್ಕಾಲು ಇಂಚು ಕಾಂಕ್ರೀಟ್ ಇರಲೇಬೇಕು. ಅದಕ್ಕೆ ತಳದಲ್ಲಿ ಕವರ್ ಬ್ಲಾಕ್, ಅಂದರೆ ಕಂಬಿಯನ್ನು ಅಚ್ಚಿನಿಂದ ಎತ್ತಿ ಹಿಡಿಯುವ ಸಣ್ಣ ಸಿಮೆಂಟ್ ಬಿಲ್ಲೆ, ಇಡಿ. ನೀವು ತಂದ ಕಂಬದಲ್ಲಿ ತಪ್ಪಿದ್ದು ಇದೇ.

ಬಿದಿರು ಹಸಿ ಮಾಲಿನ ನೀರು ಕುಡಿದು ಉಬ್ಬುತ್ತದೆ, ಆಮೇಲೆ ಒಣಗಿ ಕುಗ್ಗುತ್ತದೆ. ಕಾಂಕ್ರೀಟಿಗೂ ಅದಕ್ಕೂ ಸಂಬಂಧ ತಪ್ಪಿಹೋಗುತ್ತದೆ. ಬಿಟ್ಟುಬಿಡಿ.

ಅಚ್ಚಿಗೆ ಹಲಗೆ ಸಾಕು. ಅಂಗಳದಲ್ಲಿ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಜೋಡಿಸಿ. ಹಲಗೆಗೆ ಹಳೆ ಇಂಜಿನ್ ಆಯಿಲ್ ತೆಳ್ಳಗೆ ಸವರಿದ ಮೇಲೆ ಕಂಬಿ ಇಳಿಸಿ. ಕಂಬಿಗೆ ಎಣ್ಣೆ ತಗುಲಿದರೆ ಕಾಂಕ್ರೀಟ್ ಹಿಡಿಯುವುದಿಲ್ಲ. ತಂತಿಗೆ ತೂತು ಬೇಕಾದ ಕಡೆ ಅರ್ಧ ಇಂಚಿನ ವೈರಿಂಗ್ ಪೈಪ್ ತುಂಡು ಇಡಿ. ಹೊರಗೆ ತಂತಿ ಕುಣಿಕೆ ಬಿಟ್ಟರೆ ಅದರ ಜೊತೆಗೇ ತುಕ್ಕು ಒಳಗೆ ಹೋಗುತ್ತದೆ. ಮಾಲು ತುಂಬುವಾಗ ಕಂಬಿ ತುಂಡಿನಿಂದ ಚುಚ್ಚುತ್ತಾ, ಹಲಗೆಯನ್ನು ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಕೈಗೆ ಗ್ಲೌಸ್ ಹಾಕಿ, ಸಿಮೆಂಟ್ ಚರ್ಮ ಸುಡುತ್ತದೆ.

ಮರುದಿನ ಬದಿ ಹಲಗೆ ಬಿಚ್ಚಿ ಪಕ್ಕಕ್ಕೆ ಇನ್ನೊಂದು ಎರೆಯಬಹುದು. ಆರು ಅಚ್ಚಿದ್ದರೆ ಹತ್ತು ದಿನದಲ್ಲಿ 60 ಆಯಿತು. ಆದರೆ ಎರೆದ ಕಂಬವನ್ನು ಒಂದು ವಾರ ಅಲುಗಿಸಬೇಡಿ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್, ನಿಧಾನಕ್ಕೆ ಗಟ್ಟಿಯಾಗುತ್ತದೆ. 14 ದಿನ ನೀರು ಕುಡಿಸಿ. ಒದ್ದೆ ಗೋಣಿಚೀಲ, ಅದರ ಮೇಲೆ ಅಡಿಕೆ ಹಾಳೆ ಮುಚ್ಚಿದರೆ ಬಿಸಿಲಿಗೆ ಬೇಗ ಒಣಗುವುದಿಲ್ಲ. 28 ದಿನ ಆದ ಮೇಲೆ ಹೂಳಿ. ಏಪ್ರಿಲ್‌ನಲ್ಲಿ ಬಾವಿ ನೀರಿಗೇ ಪರದಾಟ ಅಲ್ವಾ, ಜನವರಿಯಲ್ಲೇ ಎರೆದುಬಿಡಿ.

ಎತ್ತುವಾಗ ಎರಡೂ ತುದಿಯಿಂದ ಒಂದೂವರೆ ಅಡಿ ಒಳಗೆ ಹಿಡಿಯಿರಿ. ತೀರಾ ತುದಿ ಹಿಡಿದರೆ ನಡು ಜಗ್ಗಿ ಬಿರುಕು ಬರುತ್ತದೆ.

ಪ್ರಶ್ನೆ (ಹೊನ್ನಾವರದಿಂದ): ನಮ್ಮಲ್ಲಿ ಹೊಳೆ ಮರಳು ಸುಲಭಕ್ಕೆ ಸಿಗುತ್ತೆ, ಸ್ವಲ್ಪ ಉಪ್ಪು. ನಡೆಯುತ್ತಾ?

ಉತ್ತರ: ಬೇಡ. ಉಪ್ಪು ಒಳಗಿನ ಕಂಬಿಗೆ ತುಕ್ಕು ತರುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಉದ್ದಕ್ಕೆ ಸೀಳುತ್ತದೆ. ಉಪ್ಪುನೀರಲ್ಲಿ ಕಲಸುವುದೂ ಬೇಡ. ಕಡಲ ಹತ್ತಿರ ಕಂಬಿಯ ಹೊರಗಿನ ಕಾಂಕ್ರೀಟ್ ಇನ್ನೂ ದಪ್ಪ ಇರಲಿ, ಅಂದರೆ ಕಂಬವೇ 5 ಇಂಚು.

ಪ್ರಶ್ನೆ (ಕೋಲಾರದಿಂದ): ನಮ್ಮ ಕಡೆ ಎಲ್ಲಾ ಕಲ್ಲು ಕಂಬ ಹಾಕ್ತಾರೆ. ನಾನೂ ಎರೆಯೋಣ ಅಂತಿದ್ದೆ.

ಉತ್ತರ: ಮನೆ ಹತ್ತಿರ ಗ್ರಾನೈಟ್ ಕಂಬ ಸಿಗುವಾಗ ಸುಮ್ನೆ ಯಾಕೆ ಸಿಮೆಂಟ್ ಕಲಸುತ್ತೀರಿ? ತುಕ್ಕು ಹಿಡಿಯೋಕೆ ಅದರಲ್ಲಿ ಕಂಬಿಯೇ ಇಲ್ಲ. ಕಲ್ಲನ್ನೇ ಹಾಕಿ.

ಪ್ರಶ್ನೆ (ಸಾಗರದ ಬೆಳೆಗಾರ): ಕೊನೆಯದು ಸರ್. ಇನ್ನೂ ನಿಂತಿರುವ ಗೂಟಗಳ ಬುಡಕ್ಕೆ ಕಾಂಕ್ರೀಟ್ ಸುರಿದರೆ ಉಳಿಯುತ್ತವಾ? ಹೊಸ ಕಂಬ ಹಳೆ ಗುಂಡಿಗೇ ಹಾಕಲಾ? ಆಮೇಲೆ ಶಾಕ್ ಹೊಡೆಯುವ ಸೋಲಾರ್ ತಂತಿಯನ್ನೂ ಎಳೆಯುವವನಿದ್ದೇನೆ, ಹಂದಿ ಕಾಟ.

ಉತ್ತರ: ಗೂಟ ಉಳಿಯುವುದಿಲ್ಲ. ಮರ ಒಣಗಿ ಕುಗ್ಗಿದಾಗ ಸುತ್ತ ಸಂದಿ ಬೀಳುತ್ತದೆ, ಅದರಲ್ಲಿ ನೀರು ನಿಂತು ಇನ್ನೂ ಬೇಗ ಕೊಳೆಯುತ್ತದೆ. ಹಳೆ ಗುಂಡಿಯ ಮಣ್ಣು ಸಡಿಲ, ಒಂದಡಿ ಪಕ್ಕಕ್ಕೆ ಹೊಸದು ತೋಡಿ. ಎರಡು ಅಡಿ ಆಳ, ಕಂಬದಿಂದ ಕಂಬಕ್ಕೆ 8 ಅಡಿ. ಅರ್ಧರ್ಧ ಅಡಿ ಮಣ್ಣು ಹಾಕಿ ಹಾರೆಯ ಹಿಂಬದಿಯಿಂದ ಬಡಿಯಿರಿ. ನಡುವಿನ ಕಂಬಕ್ಕೆ ಬುಡದಲ್ಲಿ ಕಾಂಕ್ರೀಟ್ ಬೇಕಿಲ್ಲ. ಮೂಲೆಗೆ ಮತ್ತು ಗೇಟಿಗೆ ಬೇಕು. ತಂತಿಯ ಎಳೆತವೆಲ್ಲ ಮೂಲೆ ಕಂಬದ ಮೇಲೆ, ಅದಕ್ಕೆ ಎರಡು ದಿಕ್ಕಿಗೂ ಓರೆ ಆಸರೆ ಕಂಬ ಕೊಡಿ.

ಸೋಲಾರ್ ತಂತಿಯನ್ನು ಕಂಬದ ತೂತಲ್ಲಿ ನೇರ ಪೋಣಿಸಬೇಡಿ. ಮಳೆಯಲ್ಲಿ ನೆಂದ ಕಾಂಕ್ರೀಟ್ ಕರೆಂಟನ್ನು ನೆಲಕ್ಕೆ ಇಳಿಸುತ್ತದೆ. ಇನ್ಸುಲೇಟರ್ ಹಾಕಿಸಿ, ಇಲ್ಲದಿದ್ದರೆ ಮಳೆ ರಾತ್ರಿಯಲ್ಲೇ ಹಂದಿ ಒಳಗೆ.