ಟಲ್ಸಾ ಬಂದೂಕು ಮೇಳಕ್ಕೆ ಮೊದಲ ಸಲ ಹೊರಟವರಿಗೆ: ಹೋಗಿ ಬಂದವರ ಅನುಭವಗಳು

ಕೇಳಿದವರು, ಡಲ್ಲಾಸ್‌ನಿಂದ

ನಾನು ವಿರಾಜಪೇಟೆ ಕಡೆಯವನು. ಎಚ್‌1ಬಿ ವೀಸಾದ ಮೇಲೆ ಮೂರು ವರ್ಷಗಳಿಂದ ಡಲ್ಲಾಸ್‌ನಲ್ಲಿದ್ದೇನೆ. ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಅಜ್ಜನ ಕಾಲದ ಜೋಡು ನಳಿಗೆಯ ಕೋವಿಯೊಂದಿದೆ. ಅಜ್ಜ ಸೈನ್ಯದಲ್ಲಿದ್ದಾಗ ಹೆಗಲಿಗೇರಿಸಿದ್ದ ತ್ರೀನಾಟ್‌ತ್ರೀ ರೈಫಲ್ಲಿನ ಕಥೆಗಳನ್ನು ಕೇಳುತ್ತಲೇ ಬೆಳೆದ ನನಗೆ ಅಂಥದೊಂದನ್ನು ಹತ್ತಿರದಿಂದ ನೋಡಬೇಕೆಂಬ ಆಸೆ ಇನ್ನೂ ಹಾಗೆಯೇ ಉಳಿದಿದೆ. ಒಕ್ಲಹೋಮಾದ ಟಲ್ಸಾದಲ್ಲಿ ಏಪ್ರಿಲ್‌ನಲ್ಲಿ ನಡೆಯುವ ವಾನನ್‌ಮಾಕರ್ ಬಂದೂಕು ಮೇಳಕ್ಕೆ ಹೋಗಬೇಕೆಂದಿದ್ದೇನೆ. ವೀಸಾದಲ್ಲಿರುವವರು ಒಳಗೆ ಹೋಗಬಹುದೇ? ಬಂದೂಕುಗಳನ್ನು ಮುಟ್ಟಬಹುದೇ, ಏನನ್ನಾದರೂ ಕೊಳ್ಳಬಹುದೇ? ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಹೋಗುವುದು ಸರಿಯೇ? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಆಸ್ಟಿನ್‌ನಿಂದ

ಒಳಗೆ ಹೋಗಲು ಅಡ್ಡಿಯಿಲ್ಲ ಸರ್. ಬಾಗಿಲಲ್ಲಿ ಟಿಕೆಟ್ ಕೇಳುತ್ತಾರೆಯೇ ಹೊರತು ವೀಸಾ ಕೇಳುವುದಿಲ್ಲ. ತೊಡಕಿರುವುದು ಮುಟ್ಟುವುದರಲ್ಲಿ ಮತ್ತು ಕೊಳ್ಳುವುದರಲ್ಲಿ. ನಾನೂ ಎಚ್‌1ಬಿಯಲ್ಲಿದ್ದಾಗ ನಾಲ್ಕು ಸಲ ಹೋಗಿ ಬರಿಗೈಯಲ್ಲಿ ಬಂದವನಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ವಲಸೆಯೇತರ ವೀಸಾದ ಮೇಲೆ (ಎಚ್‌1ಬಿಯೂ ಇದರಲ್ಲಿ ಸೇರುತ್ತದೆ) ಬಂದವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದುವಂತಿಲ್ಲ, ಪಡೆಯುವಂತಿಲ್ಲ. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ನಮ್ಮಂಥವರ ಕೈಗೆಟುಕುವುದು ಒಂದೇ: ಯಾವುದಾದರೂ ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆ ಪರವಾನಗಿ. ಅದಿಲ್ಲದವನು ಸಿಕ್ಕಿಬಿದ್ದರೆ 15 ವರ್ಷಗಳವರೆಗೆ ಸೆರೆಮನೆ ವಾಸವಾಗಬಹುದು, ಗಡೀಪಾರೂ ಆಗಬಹುದು. ಮೇಜಿನ ಮೇಲಿನ ಬಂದೂಕನ್ನು ಅರೆಕ್ಷಣ ಕೈಗೆತ್ತಿಕೊಂಡರೆ ಅದು ಹೊಂದಿದಂತೆ ಆಗುತ್ತದೆಯೇ ಎಂದು ವಕೀಲರು ವಾದಿಸಬಹುದು. ಆದರೆ ಆ ವಾದ ನಿಮ್ಮ ವೀಸಾದ ಮೇಲೆ ನಡೆಯುವುದು ಬೇಡ. ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಕಾನೂನಿನ ವ್ಯಾಖ್ಯೆಯಲ್ಲಿ ಮದ್ದುಗುಂಡು ಎಂದರೆ ತುಂಬಿದ ತೋಟೆ ಮಾತ್ರವಲ್ಲ. ಖಾಲಿ ಹಿತ್ತಾಳೆ ಕವಚ, ಕೇಪು (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಿಲ್ಲೆ), ಗುಂಡು, ಮದ್ದಿನ ಪುಡಿ ಇವೆಲ್ಲವೂ ಅದರಲ್ಲಿ ಸೇರುತ್ತವೆ. ನೆನಪಿಗಿರಲಿ ಎಂದು ಒಂದು ಖಾಲಿ ಕವಚವನ್ನು ಜೇಬಿಗೆ ಹಾಕಿಕೊಳ್ಳುವುದೂ ತಪ್ಪೇ. ಮೇಳಕ್ಕೆ ಒಯ್ದ ಚೀಲವನ್ನು ಊರಿಗೆ ವಿಮಾನ ಹತ್ತುವ ಮೊದಲು ಒಮ್ಮೆ ಬುಡಮೇಲು ಮಾಡಿ ನೋಡಿಕೊಳ್ಳಿ. ಚೀಲದ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟೆಗಾಗಿ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ.

ಹಾಗೆಯೇ, ಪೌರತ್ವ ಇರುವ ಗೆಳೆಯನ ಹೆಸರಿನಲ್ಲಿ ನಿಮಗಾಗಿ ಬಂದೂಕು ಕೊಳ್ಳುವ ಮಾತನ್ನು ತಮಾಷೆಗೂ ಅಲ್ಲಿ ಆಡಬೇಡಿ. ಅಂಗಡಿಯವರು ತುಂಬಿಸುವ 4473 ನಮೂನೆಯಲ್ಲಿ ‘ನಿಜವಾಗಿ ಕೊಳ್ಳುತ್ತಿರುವವರು ನೀವೇನಾ’ ಎಂಬ ಪ್ರಶ್ನೆಯೇ ಇದೆ. ಅದಕ್ಕೆ ಸುಳ್ಳು ಉತ್ತರ ಕೊಡುವುದು ದೊಡ್ಡ ಅಪರಾಧ. 1898ರಲ್ಲಿ ಅಥವಾ ಅದಕ್ಕೆ ಮೊದಲು ತಯಾರಾದವು 1968ರ ಬಂದೂಕು ನಿಯಂತ್ರಣ ಕಾನೂನಿನ ಕಣ್ಣಿಗೆ ಬಂದೂಕುಗಳೇ ಅಲ್ಲ, ಪುರಾತನ ವಸ್ತುಗಳು. ಆದರೆ ಮೊದಲ ಭೇಟಿಯಲ್ಲೇ ಅವುಗಳ ವ್ಯಾಪಾರಕ್ಕೆ ಇಳಿಯಬೇಡಿ ಎಂಬುದು ನನ್ನ ಅಭಿಪ್ರಾಯ. ತಯಾರಾದ ವರ್ಷವನ್ನು ಖಚಿತವಾಗಿ ಓದಲು ಕಲಿಯುವವರೆಗೂ ಆ ವಿನಾಯಿತಿಯಿಂದ ನಿಮಗೆ ಪ್ರಯೋಜನವಿಲ್ಲ.

ಇಷ್ಟೆಲ್ಲ ಬೇಡಗಳನ್ನು ಓದಿ ನಿರಾಶರಾಗಬೇಡಿ. ನೀವು ನೋಡಬೇಕೆಂದಿರುವ ರೈಫಲ್ ಅಲ್ಲಿ ಖಂಡಿತ ಸಿಗುತ್ತದೆ, ಅದೂ ನಮ್ಮ ದೇಶದಲ್ಲೇ ತಯಾರಾದದ್ದು. ಕೋಲ್ಕತ್ತದ ಬಳಿಯ ಇಷಾಪುರ ರೈಫಲ್ ಕಾರ್ಖಾನೆಯ ಲೀ-ಎನ್‌ಫೀಲ್ಡ್‌ಗಳು, ಅಂದರೆ ನಮ್ಮವರು ತ್ರೀನಾಟ್‌ತ್ರೀ ಎನ್ನುವ ರೈಫಲ್ಲುಗಳು, 1980ರ ದಶಕದ ನಂತರ ಅಮೆರಿಕಕ್ಕೆ ರಾಶಿಗಟ್ಟಲೆ ಆಮದಾಗಿವೆ. ನಾನು ಮೊದಲ ಸಲ ಕಂಡದ್ದು ಹಳೆಯ ಕಂಬಳಿ ಹಾಸಿದ ಮೇಜೊಂದರ ಮೇಲೆ. ಬೋಲ್ಟ್ (ತೋಟೆಯ ಹಿಂದೆ ಮುಚ್ಚಿಕೊಳ್ಳುವ ಉಕ್ಕಿನ ಅಗುಳಿ) ಹಿಡಿಯ ಕೆಳಗೆ, ಬಟ್ಟಿನ (ಹೆಗಲಿಗೆ ಒತ್ತಿ ಹಿಡಿಯುವ ಹಿಂಭಾಗದ) ಮರ ಲೋಹಕ್ಕೆ ಸೇರುವ ಪಟ್ಟಿಯ ಮೇಲೆ, ಕಿರೀಟ, ಅದರಡಿಯಲ್ಲಿ ‘ಜಿಆರ್‌ಐ’, ಮತ್ತೆ ‘ಇಷಾಪುರ’, ‘1943’ ಎಂದು ಕೊರೆದಿತ್ತು. ದೊರೆ ಜಾರ್ಜ್ ತನ್ನನ್ನು ಚಕ್ರವರ್ತಿ ಎಂದು ಕರೆದುಕೊಳ್ಳುತ್ತಿದ್ದ ಕಾಲದ ಗುರುತು ಅದು. ಸ್ವಾತಂತ್ರ್ಯಾನಂತರದ ರೈಫಲ್ಲುಗಳಲ್ಲಿ ಕಿರೀಟ ಹೋಗಿ ಅಶೋಕ ಸ್ತಂಭದ ಸಿಂಹಗಳೂ ‘ಆರ್‌ಎಫ್‌ಐ’ ಎಂಬ ಅಕ್ಷರಗಳೂ ಬಂದಿರುತ್ತವೆ. ನಾನು ವೀಸಾದಲ್ಲಿದ್ದೇನೆ, ಹಿಡಿಯುವಂತಿಲ್ಲ, ನೋಡುವ ಆಸೆಯಿದೆ ಎಂದು ಮೇಜಿನ ಹಿಂದಿದ್ದ ಹಿರಿಯರಿಗೆ ಹೇಳಿದೆ. ಅವರು ಬೋಲ್ಟನ್ನು ಹಿಂದಕ್ಕೆಳೆದು, ಅದರ ತಲೆಯನ್ನು ಬೆರಳಿನಿಂದ ಮೇಲೆತ್ತಿ, ಪೂರ್ತಿ ಹೊರತೆಗೆದು ಪಕ್ಕಕ್ಕಿಟ್ಟರು. ತೋಟೆ ಕೂರುವ ಜಾಗದಲ್ಲಿ ತಮ್ಮ ಬಿಳಿಯ ವಿಳಾಸದ ಚೀಟಿಯನ್ನು ಓರೆಯಾಗಿ ಹಿಡಿದು, ಬೆಳಕು ನಳಿಗೆಯೊಳಗೆ ಹರಿಯುವಂತೆ ಮಾಡಿ, ಇನ್ನೊಂದು ತುದಿಯಿಂದ ನೋಡಲು ಹೇಳಿದರು. ಐದು ಗೀರುಗಳು ಎಡಕ್ಕೆ ತಿರುಗುತ್ತಾ ದೂರ ಹೋಗುತ್ತಿದ್ದವು. ಸಾಣೆ ಹಿಡಿದ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಆ ನಳಿಗೆಯ ಒಳಮೈಯನ್ನು ನಾನು ಇಂದಿಗೂ ಮರೆತಿಲ್ಲ. ಆ ಹಿರಿಯರು ಹಿಡಿದು ತೋರಿಸಿದರು, ನಾನು ನೋಡಿದೆ. ನೀವೂ ಹೀಗೆಯೇ ಕೇಳಿಕೊಳ್ಳಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದವನಿಗೆ ಅಲ್ಲಿನ ಸಂಗ್ರಾಹಕರು ಒಂದು ಗಂಟೆಯಾದರೂ ವಿವರಿಸುತ್ತಾರೆ.

ನೀವು ಮನಸ್ಸು ಬಿಚ್ಚಿ ಕೊಳ್ಳಬಹುದಾದ ವಸ್ತುವೂ ಒಂದಿದೆ. ಲೀ-ಎನ್‌ಫೀಲ್ಡಿನ ಬಟ್ಟಿನ ತುದಿಯಲ್ಲಿ ಪುಟ್ಟ ಹಿತ್ತಾಳೆ ಮುಚ್ಚಳವಿರುತ್ತದೆ. ಅದರೊಳಗಿನ ಗೂಡಿನಲ್ಲಿ ಸಿಪಾಯಿ ನಳಿಗೆ ಒರೆಸುವ ದಾರವನ್ನೂ ಬೆರಳುದ್ದದ ಎಣ್ಣೆ ಶೀಶೆಯನ್ನೂ ಇಟ್ಟುಕೊಳ್ಳುತ್ತಿದ್ದ. ಆ ಶೀಶೆಗಳು ಬಿಡಿಯಾಗಿ ಸಿಗುತ್ತವೆ. ತಿರುಪು ಬಿಚ್ಚಿದರೆ ಮುಚ್ಚಳಕ್ಕೆ ಅಂಟಿಕೊಂಡ ಸಣ್ಣ ಚಮಚ ಹೊರಬರುತ್ತದೆ. ಅಜ್ಜನ ನೆನಪಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಅಲ್ಲಿ ಕಂಡಿಲ್ಲ.

ಗ್ರೀನ್ ಕಾರ್ಡ್ ಬಂದ ಮೇಲೆ ಕೊಳ್ಳುವಿರಾದರೆ ನಾನು ಮಾಡಿದ ತಪ್ಪನ್ನು ಮಾಡಬೇಡಿ. ಇಷಾಪುರದ 2ಎ1 ಮಾದರಿಯನ್ನು, ಅಂದರೆ 1960ರ ದಶಕದಲ್ಲಿ 7.62 ಮಿಲಿಮೀಟರ್ ನೇಟೋ ತೋಟೆಗಾಗಿ ಹೊಸದಾಗಿಯೇ ತಯಾರಿಸಿದ ರೈಫಲ್ಲನ್ನು, ಎಲ್ಲ ಅಂಕಿಗಳೂ ತಾಳೆಯಾಗುತ್ತವೆ ಎಂಬ ಮಾತನ್ನು ನಂಬಿ ಕೊಂಡೆ. ಮನೆಗೆ ಬಂದು ನೋಡಿದರೆ ಬೋಲ್ಟಿನ ಮೇಲಿನ ಸಂಖ್ಯೆಯೇ ಬೇರೆ, ಬೋಲ್ಟು ಕೂರುವ ಲೋಹದ ಒಡಲಾದ ರಿಸೀವರಿನ ಮೇಲಿನದೇ ಬೇರೆ. ಬಂದೂಕು ರಿಪೇರಿಯವರು ಅಳತೆಗೋಲು ಇಟ್ಟು ನೋಡಿ, ಬೋಲ್ಟು ಮತ್ತು ತೋಟೆಯ ನಡುವಿನ ಸಂದು ಮಿತಿ ಮೀರಿದೆ, ಇದನ್ನು ಸಿಡಿಸಬೇಡಿ ಎಂದರು. ಮಾರಿದವನು ಆ ವೇಳೆಗೆ ಇನ್ನೊಂದು ಊರಿನ ಮೇಳದಲ್ಲಿದ್ದ. ಬೋಲ್ಟು, ರಿಸೀವರು, ನಳಿಗೆ, ಮುಂತುದಿಯ ಲೋಹದ ಟೋಪಿ ಈ ನಾಲ್ಕೂ ಕಡೆಯ ಸಂಖ್ಯೆಯನ್ನು ಹಣ ಎಣಿಸುವ ಮೊದಲೇ ಓದಿಕೊಳ್ಳಬೇಕು.

ಟಲ್ಸಾದಿಂದ

ಆಸ್ಟಿನ್‌ನವರು ಕಾನೂನು ಹೇಳಿದ್ದಾರೆ. ಇದೇ ಊರಿನವನಾದ ನಾನು ಕಾಲಿನ ವಿಷಯ ಹೇಳುತ್ತೇನೆ. ಮೇಳ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ನವೆಂಬರ್‌ನಲ್ಲಿ, ಎಕ್ಸ್‌ಪೋ ಸ್ಕ್ವೇರ್‌ನಲ್ಲಿ ನಡೆಯುತ್ತದೆ. ಹೊರಗೆ ಸುಮಾರು 75 ಅಡಿ ಎತ್ತರದ ಚಿನ್ನದ ಬಣ್ಣದ ತೈಲ ಕಾರ್ಮಿಕನ ಪ್ರತಿಮೆ ನಿಂತಿದೆ, ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಒಳಗೆ ಒಂದೇ ಸೂರಿನಡಿ ಸುಮಾರು ಹನ್ನೊಂದು ಎಕರೆ ಜಾಗ, ನಾಲ್ಕು ಸಾವಿರಕ್ಕೂ ಹೆಚ್ಚು ಮೇಜುಗಳು. ಎಲ್ಲವನ್ನೂ ನೋಡುತ್ತೇನೆಂದು ಹೊರಟವರು ಮಧ್ಯಾಹ್ನದ ಹೊತ್ತಿಗೆ ಏನನ್ನೂ ನೋಡಲಾರದಷ್ಟು ದಣಿದಿರುತ್ತಾರೆ. ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಬಂದು, ಹೊಸ ಪಿಸ್ತೂಲು ಮಾರುವ ಸಾಲುಗಳನ್ನು ಬಿಟ್ಟು, ನೇರವಾಗಿ ಹಳೆಯ ಸೇನಾ ರೈಫಲ್ಲುಗಳ ಕಡೆಗೂ ಮಾರಾಟಕ್ಕಿಲ್ಲದ ಸಂಗ್ರಹಗಳ ಕಡೆಗೂ ಹೋಗಿ.

ಬಂದೂಕು ತಂದವರದನ್ನು ಬಾಗಿಲಲ್ಲೇ ಪರೀಕ್ಷಿಸಿ, ತೋಟೆಯಿಲ್ಲವೆಂದು ಖಚಿತಪಡಿಸಿಕೊಂಡು, ಸಿಡಿಯದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತಾರೆ. ಫೋಟೋ ತೆಗೆಯುವ ಮೊದಲು ಮೇಜಿನವರನ್ನು ಕೇಳಲೇಬೇಕು. ಎಷ್ಟೋ ಜನಕ್ಕೆ ಅದು ಇಷ್ಟವಾಗುವುದಿಲ್ಲ. ಹಳೆಯ ಉಕ್ಕಿನ ಮೇಲೆ ಬೆರಳಿಡಬೇಡಿ, ಬೆವರಿನ ಉಪ್ಪು ಒಂದೇ ರಾತ್ರಿಯಲ್ಲಿ ತುಕ್ಕಿನ ಗುರುತು ಮೂಡಿಸುತ್ತದೆ. ಗ್ರೀನ್ ಕಾರ್ಡ್ ಇರುವ ಟೆಕ್ಸಾಸ್‌ನವರಿಗೆ ಒಂದು ಮಾತು: ಪರವಾನಗಿ ಇರುವ ವ್ಯಾಪಾರಿಯಿಂದ ರೈಫಲ್ಲನ್ನು ಇಲ್ಲಿಯೇ ಪಡೆಯಬಹುದು, ಪಿಸ್ತೂಲನ್ನಾದರೆ ನಿಮ್ಮ ರಾಜ್ಯದ ವ್ಯಾಪಾರಿಗೇ ಕಳುಹಿಸಿಕೊಂಡು ಅಲ್ಲಿ ಪಡೆಯಬೇಕು. ಮೇಜು ಹಾಕಿಕೊಂಡ ಖಾಸಗಿ ವ್ಯಕ್ತಿಯಂತೂ ಬೇರೆ ರಾಜ್ಯದ ನಿವಾಸಿಗೆ ನೇರವಾಗಿ ಮಾರುವಂತಿಲ್ಲ.

ಕ್ಯಾನ್ಸಸ್ ಸಿಟಿಯಿಂದ, ಇಬ್ಬರು ಮಕ್ಕಳ ತಾಯಿ

ಮಗಳನ್ನು ಕರೆದುಕೊಂಡು ಹೋಗಿ ಅಣ್ಣ, ಆದರೆ ಎರಡು ಸಂಗತಿಗಳಿಗೆ ಅವಳನ್ನು ಮೊದಲೇ ಸಿದ್ಧಪಡಿಸಿ. ನಾನು ಪತಿಯೊಂದಿಗೆ ನಮ್ಮ ಊರಿನ ಚಿಕ್ಕ ಮೇಳಕ್ಕೂ ಟಲ್ಸಾಕ್ಕೂ ಮಕ್ಕಳನ್ನು ಕರೆದೊಯ್ದಿದ್ದೇನೆ. ಒಳಗೆ ಗುಂಡು ಹಾರಿಸುವುದಿಲ್ಲವಾದ್ದರಿಂದ ಕಿವಿಗೆ ತೊಂದರೆಯಿಲ್ಲ. ಆದರೆ ವಿದ್ಯುತ್ ಆಘಾತ ಕೊಡುವ ಸಾಧನ ಮಾರುವವರು ಜನರನ್ನು ಸೆಳೆಯಲು ಅದನ್ನು ಚಟಚಟನೆ ಸಿಡಿಸುತ್ತಿರುತ್ತಾರೆ. ನನ್ನ ಮಗ ಬೆಚ್ಚಿಬಿದ್ದು ಒಂದು ಗಂಟೆ ಕೈ ಬಿಡಲಿಲ್ಲ.

ಎರಡನೆಯದು ಹೆಚ್ಚು ಕಷ್ಟದ್ದು. ಎರಡನೆಯ ಮಹಾಯುದ್ಧದ ವಸ್ತುಗಳ ಮೇಜುಗಳಲ್ಲಿ ಜರ್ಮನ್ ನಾಜಿ ಪದಕಗಳೂ ತೋಳುಪಟ್ಟಿಗಳೂ ಇರುತ್ತವೆ. ನನ್ನ ಮಗಳು ಒಂದರ ಮುಂದೆ ನಿಂತು, ‘ಅಮ್ಮಾ, ಇದು ನಮ್ಮ ಹೊಸ್ತಿಲ ಮೇಲೆ ಅಜ್ಜಿ ಬರೆಯುವ ಸ್ವಸ್ತಿಕ ಅಲ್ಲವೇ’ ಎಂದು ಗಟ್ಟಿಯಾಗಿ ಕೇಳಿದಳು. ಆ ಗದ್ದಲದಲ್ಲಿ, ಅಷ್ಟು ಜನರ ನಡುವೆ, ಎಂಟು ವರ್ಷದ ಮಗುವಿಗೆ ಯಹೂದಿಗಳ ಹತ್ಯೆಯ ವಿಷಯವನ್ನು ಹೇಗೆ ಹೇಳುವುದೆಂದು ನನಗೆ ತೋಚಲಿಲ್ಲ. ಮರಳಿ ಬರುವಾಗ ಕಾರಿನಲ್ಲಿ ಎಲ್ಲವನ್ನೂ ಹೇಳಿದೆ, ಅವಳು ಮೌನವಾಗಿ ಕೇಳಿಸಿಕೊಂಡಳು. ಹೋಗುವ ದಾರಿಯಲ್ಲೇ ಹೇಳಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ನಿಮಗೆ ಡಲ್ಲಾಸ್‌ನಿಂದ ನಾಲ್ಕು ಗಂಟೆಯ ದಾರಿಯಿದೆ. ಮಗಳಿಗೂ ನಿಮ್ಮದೇ ನಿಯಮ: ಯಾವುದನ್ನೂ ಮುಟ್ಟುವಂತಿಲ್ಲ, ಯಾರಾದರೂ ಖಾಲಿ ಕವಚ ಕೊಟ್ಟರೂ ಪಡೆಯುವಂತಿಲ್ಲ.

ಮಡಿಕೇರಿಯಿಂದ, ನಿವೃತ್ತ ಸೇನಾಧಿಕಾರಿ

ಮಗನನ್ನು ನೋಡಲು ಹೋಗಿದ್ದಾಗ ನಾನು ಟಲ್ಸಾ ಮೇಳವನ್ನು ಕಂಡಿದ್ದೇನೆ. ಕೋವಿ ಅಲ್ಲಿ ಬೆಲೆಚೀಟಿ ಕಟ್ಟಿಸಿಕೊಂಡು ಮಲಗಿರುವುದನ್ನು ನೋಡಿ ನಮ್ಮವರಿಗೆ ಮೊದಲು ಮನಸ್ಸು ಮುದುಡುತ್ತದೆ. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಈಡು (ಗುಂಡು), ಮನೆಯಲ್ಲಿ ಸಾವಾದರೆ ಎರಡು ಈಡು. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ನಳಿಗೆಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೋವಿ ಪರವಾನಗಿಯ ವಿಷಯದಲ್ಲಿ ಕೊಡಗಿನವರಿಗೆ ಕೊಟ್ಟ ವಿನಾಯಿತಿ ಇಂದಿಗೂ ಉಳಿದು ಬಂದಿದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು. ನಮಗೆ ಅದು ಸರಕಲ್ಲ. ಆದರೆ ಆ ಮೇಜುಗಳ ಹಿಂದೆ ಕೂತ ಸಂಗ್ರಾಹಕರು ಕೋವಿಯ ಮೈಮೇಲಿನ ಗುರುತುಗಳನ್ನು ಓದುವಷ್ಟು ಚೆನ್ನಾಗಿ ನಮ್ಮಲ್ಲಿ ಹೆಚ್ಚಿನವರು ಓದಲಾರರು ಎಂಬುದನ್ನು ಒಪ್ಪಲೇಬೇಕು.

ಆದ್ದರಿಂದ ಮಗೂ, ಮೇಳಕ್ಕೆ ಬರಿಗೈಯಲ್ಲಿ ಹೋಗಬೇಡ. ಐನ್‌ಮನೆಯ ಜೋಡು ನಳಿಗೆಯನ್ನು ಬಟ್ಟಿನಿಂದ ಬಿಡಿಸಿ, ತೋಟೆ ತುಂಬುವ ತುದಿಯ ಕೆಳಮೈಯಲ್ಲಿರುವ, ನಳಿಗೆಯ ಗಟ್ಟಿತನ ನೋಡಿ ಒತ್ತಿದ ಪರೀಕ್ಷಾ ಗುರುತುಗಳ ಫೋಟೋ ತರಿಸಿಕೊಂಡು ಹೋಗು. ಇಂಗ್ಲೆಂಡಿನ ಕೋವಿಯಾದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಮುದ್ರೆ ಇರಲೇಬೇಕು. ಕಿರೀಟದ ಕೆಳಗೆ ‘ಬಿವಿ’, ‘ಬಿಪಿ’ ಎಂದಿದ್ದರೆ 1904ರಿಂದೀಚಿನ ಬರ್ಮಿಂಗ್‌ಹ್ಯಾಮ್. ಅಡ್ಡಲಾಗಿ ಹೆಣೆದ ರಾಜದಂಡಗಳಿದ್ದು ಮೂಲೆಗಳಲ್ಲಿ ಅಕ್ಷರಗಳಿದ್ದರೆ ಅದಕ್ಕೂ ಹಿಂದಿನದು. ‘ಎನ್‌ಪಿ’ ಎಂಬ ಗುರುತಿದ್ದರೆ ಹೊಗೆಯಿಲ್ಲದ ಮದ್ದಿಗೆ, ಅಂದರೆ ಈಗಿನ ತೋಟೆಗಳ ಮದ್ದಿಗೆ, ಪರೀಕ್ಷೆಯಾಗಿದೆ ಎಂದರ್ಥ. ನಳಿಗೆಯ ಮೇಲೆ ಬೀಟೆ ಮರದ ಗೆರೆಗಳಂತೆ ಸುಳಿಸುಳಿಯಾದ ಚಿತ್ತಾರ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುತ್ತಿ, ಬೆಸೆದು ಮಾಡಿದ್ದು. ಅಂಥವು ಹೆಚ್ಚಾಗಿ ಕರಿಮದ್ದಿನ ಕಾಲಕ್ಕೆ ತಯಾರಾದವು. ಈಗಿನ ತೋಟೆ ಹಾಕಿದರೆ ಬೆಸುಗೆ ಬಿಟ್ಟು ಸೀಳಬಹುದು, ಎಡಗೈ ಹಿಡಿದಿರುವ ಜಾಗದಲ್ಲಿಯೇ. ಟಲ್ಸಾದಲ್ಲಿ ಇಂಗ್ಲಿಷ್ ಜೋಡು ನಳಿಗೆಗಳ ಸಂಗ್ರಾಹಕರನ್ನು ಹುಡುಕಿ ಆ ಫೋಟೋ ತೋರಿಸು.

ಕೇಳಿದವರು, ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಮಡಿಕೇರಿಯ ಹಿರಿಯರು ಹೇಳಿದಂತೆ ಊರಿನಲ್ಲಿರುವ ನನ್ನ ತಮ್ಮ ನಿನ್ನೆ ನಳಿಗೆ ಬಿಡಿಸಿ, ಎಣ್ಣೆ ಬಟ್ಟೆಯಿಂದ ಒರೆಸಿ, ಆರು ಫೋಟೋಗಳನ್ನು ಕಳುಹಿಸಿದ್ದಾನೆ. ಹೆಣೆದ ರಾಜದಂಡಗಳು ಸ್ಪಷ್ಟವಾಗಿವೆ. ನಳಿಗೆಯುದ್ದಕ್ಕೂ ಸುಳಿಗಳಿವೆ, ಅವನ್ನು ಇಷ್ಟು ದಿನ ಸವೆತದ ಕಲೆ ಎಂದುಕೊಂಡಿದ್ದೆವು. ‘ಎನ್‌ಪಿ’ ಎಲ್ಲಿಯೂ ಕಾಣುತ್ತಿಲ್ಲ. ಟಲ್ಸಾದಲ್ಲಿ ಬಲ್ಲವರಿಗೆ ತೋರಿಸುವವರೆಗೆ ಅದರಲ್ಲಿ ಈಡು ಹೊಡೆಯಬಾರದೆಂದು ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೇನೆ. ಸೆಪ್ಟೆಂಬರ್‌ನ ಕೈಲ್ ಪೊಳ್ದ್‌ಗೆ ಅದಕ್ಕೆ ಹೂ ಮಾತ್ರ ಮುಡಿಸುತ್ತೇವೆ, ಈಡಿಗೆ ಚಿಕ್ಕಪ್ಪನ ಮನೆಯ ಕೋವಿಯಾಗುತ್ತದೆ ಎಂದು ಅಪ್ಪ ಒಪ್ಪಿದ್ದಾರೆ.